‘ಸ್ಪೀಡ್ ಎಷ್ಟು?’ ಎಂದು ಕೇಳುವ ಮೊದಲು

ಶಿವಮೊಗ್ಗದ ಅಡಿಕೆ ಮಂಡಿಗಳ ವೇಬ್ರಿಡ್ಜ್‌ಗಳಿಂದ ಹಿಡಿದು ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಮಾಪನ ಯಂತ್ರಗಳವರೆಗೆ, ಬಿಟ್‌ಗಳನ್ನು, ಅಂದರೆ 0 ಮತ್ತು 1ಗಳನ್ನು, ಒಂದರ ಹಿಂದೊಂದು ಸಾಗಿಸುವ ಸೀರಿಯಲ್ ಪೋರ್ಟ್ ಮೂಲಕ ದತ್ತಾಂಶ ಕಳುಹಿಸುವ ಉಪಕರಣಗಳ ದುರಸ್ತಿ ಮತ್ತು ನಿರ್ವಹಣೆ ನನ್ನ ಕೆಲಸ. ಕಂಪ್ಯೂಟರಿನ ದತ್ತಾಂಶವನ್ನು ಧ್ವನಿಯಾಗಿಸಿ ದೂರವಾಣಿ ತಂತಿಯಲ್ಲಿ ಕಳುಹಿಸುವ ಡಯಲ್-ಅಪ್ ಮೋಡೆಮ್‌ಗಳ ಕಾಲದಲ್ಲಿ ಈ ವೃತ್ತಿಗೆ ಬಂದ ನನಗೆ ಆಗ ಕಲಿತ ಪದಗಳೆಲ್ಲ ಇಂದಿಗೂ ಬೇಕಾಗುತ್ತಿವೆ. ದೂರವಾಣಿ ತಂತಿಯ ಜಾಗಕ್ಕೆ ಸಿಮ್ ಕಾರ್ಡ್ ಬಂದಿದೆಯೇ ಹೊರತು ಉಪಕರಣದ ಬೆನ್ನಿನಲ್ಲಿರುವ 9 ಪಿನ್ನಿನ ಕನೆಕ್ಟರ್ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹೊಸದಾಗಿ ಕೆಲಸಕ್ಕೆ ಸೇರುವವರು ಬಾಡ್, ಪ್ಯಾರಿಟಿ, ಫ್ಲೋ ಕಂಟ್ರೋಲ್ ಮುಂತಾದವನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಆದರೆ ಯಾವ ಪದ ದಾರಿಯ ಯಾವ ತುಂಡಿಗೆ ಸೇರಿದ್ದು ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ. ದೋಷ ಹುಡುಕುವಾಗ ಎಡವುವುದು ಅಲ್ಲಿಯೇ.

ವೇಗದ ವಿಷಯವನ್ನೇ ನೋಡಿ. ಡಯಲ್-ಅಪ್ ಸಂಪರ್ಕದಲ್ಲಿ ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ವೇಗ ಒಂದು, ಈ ಮೋಡೆಮ್‌ನಿಂದ ಆಚೆ ಊರಿನ ಮೋಡೆಮ್‌ವರೆಗಿನ ವೇಗ ಇನ್ನೊಂದು. ಪೋರ್ಟನ್ನು ಸೆಕೆಂಡಿಗೆ 1,15,200 ಬಿಟ್‌ಗಳಿಗೆ ಹೊಂದಿಸಿದ್ದರೂ ದೂರವಾಣಿ ಮಾರ್ಗದಲ್ಲಿ ಹೋಗುತ್ತಿದ್ದುದು 28,800 ಇರಬಹುದು, ಜಂಕ್ಷನ್ ಪೆಟ್ಟಿಗೆಗೆ ಮಳೆನೀರು ಇಳಿದ ದಿನ 9,600ಕ್ಕೂ ಇಳಿಯಬಹುದು. ಕೆಲವು ಮೋಡೆಮ್‌ಗಳು ‘ಕನೆಕ್ಟ್’ ಎಂಬ ಸಂದೇಶದ ಮುಂದೆ ಪೋರ್ಟಿನ ವೇಗವನ್ನು ತೋರಿಸುತ್ತಿದ್ದವು, ಕೆಲವು ಮಾರ್ಗದ ವೇಗವನ್ನು ತೋರಿಸುತ್ತಿದ್ದವು. 1,15,200 ಎಂದು ಕಂಡು ಹಿಗ್ಗಿದವರನ್ನು ನಾನು ನೋಡಿದ್ದೇನೆ. 1998ರಲ್ಲಿ ಬಂದ ವಿ.90 ಎಂಬ ಮೋಡೆಮ್ ಮಾನದಂಡ ಕೂಡ ಕೆಳಮುಖವಾಗಿ, ಅಂದರೆ ಬಳಕೆದಾರನ ಕಡೆಗೆ, 56,000 ಬಿಟ್‌ಗಳನ್ನು ಮೀರಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಬಾಡ್ ಮತ್ತು ಬಿಟ್ ವೇಗಗಳ ಗೊಂದಲವೂ ಇಂಥದ್ದೇ. ದೂರವಾಣಿ ಮಾರ್ಗ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಆದ್ದರಿಂದ ಅದರ ಮೇಲಿನ ಸಂಕೇತವನ್ನು ಸೆಕೆಂಡಿಗೆ ಇಷ್ಟೇ ಸಲ ಬದಲಾಯಿಸಬಹುದೆಂಬ ಮಿತಿಯಿದೆ. ಆ ಬದಲಾವಣೆಗಳ ಎಣಿಕೆಯೇ ಬಾಡ್. ವಿ.22 ಬಿಸ್ ಮೋಡೆಮ್ 600 ಬಾಡ್‌ನಲ್ಲಿ ಪ್ರತಿ ಬದಲಾವಣೆಗೆ 4 ಬಿಟ್ ಹೊರಿಸಿ 2,400 ಬಿಟ್ ಸಾಗಿಸುತ್ತಿತ್ತು, ವಿ.32 ಬಿಸ್ 2,400 ಬಾಡ್‌ನಲ್ಲಿ 6 ಬಿಟ್‌ನಂತೆ 14,400 ಸಾಗಿಸಿತು. ಸೀರಿಯಲ್ ಕೇಬಲ್ಲಿನಲ್ಲಾದರೋ ಒಂದು ಬದಲಾವಣೆಗೆ ಒಂದೇ ಬಿಟ್. ಅಲ್ಲಿ ಎರಡೂ ಸಂಖ್ಯೆ ಒಂದೇ ಆಗುವುದರಿಂದ ಎಲ್ಲ ಕಡೆಯೂ ಒಂದೇ ಎಂದು ಜನ ತಿಳಿಯುತ್ತಾರೆ. ಇನ್ನು 9,600 ಬಿಟ್ ವೇಗ ಎಂದರೆ, ಅಕ್ಷರಕ್ಕೆ 8 ಬಿಟ್ ಎಂದು ಭಾಗಿಸಿ ಬರುವ 1,200 ಅಕ್ಷರಗಳಲ್ಲ. ಪ್ರತಿ ಅಕ್ಷರದ ಹಿಂದೆ ಮುಂದೆ ಸ್ಟಾರ್ಟ್ ಬಿಟ್ ಮತ್ತು ಸ್ಟಾಪ್ ಬಿಟ್ ಸೇರಿ 10 ಬಿಟ್ ಆಗುವುದರಿಂದ ಸೆಕೆಂಡಿಗೆ 960 ಅಕ್ಷರಗಳಷ್ಟೇ ಸಾಗುತ್ತವೆ.

ಅಕ್ಷರದ ಈ ಚೌಕಟ್ಟು ಎಷ್ಟು ಸೂಕ್ಷ್ಮವಾಗಿ ಕೈಕೊಡುತ್ತದೆ ಎಂಬುದಕ್ಕೆ ಒಂದು ಮಂಡಿಯ ವೇಬ್ರಿಡ್ಜ್ ಒಳ್ಳೆಯ ಉದಾಹರಣೆ. ಅಲ್ಲಿನ ಗುಮಾಸ್ತರು ಫೋನ್ ಮಾಡಿ, “ಸರ್, ಕೆಲವು ಲಾರಿಗೆ ತೂಕ ಸರಿಯಾಗಿ ಬರುತ್ತೆ, ಕೆಲವಕ್ಕೆ ಹಾವು ಚೇಳು ಬರುತ್ತೆ, ಕೇಬಲ್ ಲೂಸ್ ಆಗಿರಬೇಕು” ಎಂದರು. ನಮ್ಮ ಹೊಸ ಹುಡುಗ ಹೋಗಿ ಕೇಬಲ್ ಬದಲಾಯಿಸಿ ಬಂದ, ಫಲ ಸಿಗಲಿಲ್ಲ. ಮರುದಿನ ಇಬ್ಬರೂ ಹೋಗಿ, ತೂಕಯಂತ್ರದ ಇಂಡಿಕೇಟರಿನಲ್ಲಿ ಕಾಣುವುದನ್ನೂ ಕಂಪ್ಯೂಟರಿನಲ್ಲಿ ಕಾಣುವುದನ್ನೂ ಅಕ್ಕಪಕ್ಕದಲ್ಲಿ ಬರೆದುಕೊಂಡೆವು. 0, 3, 5, 6, 9 ಯಾವಾಗಲೂ ಸರಿಯಾಗಿದ್ದವು. 1, 2, 4, 7, 8 ಯಾವಾಗಲೂ ಕೆಡುತ್ತಿದ್ದವು. 1 ಇರಬೇಕಾದಲ್ಲಿ ± ಚಿಹ್ನೆ, 2 ಇರಬೇಕಾದಲ್ಲಿ ಮೇಲಕ್ಕೇರಿದ ಪುಟ್ಟ 2 ಬರುತ್ತಿದ್ದವು. ಹೀಗೆ ಲೆಕ್ಕವಿಟ್ಟು ಕೆಡುವ ಕೇಬಲ್ ಲೋಕದಲ್ಲಿಲ್ಲ. ಇಂಡಿಕೇಟರ್ 7 ಡೇಟಾ ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿ (‘ಒಂದು’ಗಳ ಎಣಿಕೆ ಸಮಸಂಖ್ಯೆಯಾಗುವಂತೆ ಕೊನೆಗೆ ಸೇರಿಸುವ ಒಂದು ಬಿಟ್) ಕಳುಹಿಸುತ್ತಿತ್ತು, ಕಂಪ್ಯೂಟರ್ 8 ಡೇಟಾ ಬಿಟ್ ಮತ್ತು ಪ್ಯಾರಿಟಿ ಇಲ್ಲದ ಕ್ರಮದಲ್ಲಿ ಓದುತ್ತಿತ್ತು. ಎರಡೂ ಕ್ರಮದಲ್ಲಿ ಒಟ್ಟು 10 ಬಿಟ್‌ಗಳೇ ಆದುದರಿಂದ ಚೌಕಟ್ಟು ತಪ್ಪಲಿಲ್ಲ, ದೋಷದ ಸಂದೇಶವೂ ಬರಲಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಸಂಕೇತದಲ್ಲಿ 1, 2, 4, 7, 8 ಈ ಅಂಕಿಗಳಿಗೆ ಬೆಸಸಂಖ್ಯೆಯ ‘ಒಂದು’ಗಳಿರುವುದರಿಂದ ಅವುಗಳ ಪ್ಯಾರಿಟಿ ಬಿಟ್ ಒಂದಾಗುತ್ತದೆ, ಕಂಪ್ಯೂಟರ್ ಅದನ್ನೇ ಎಂಟನೆಯ ಡೇಟಾ ಬಿಟ್ ಎಂದು ಓದಿ ಬೇರೆ ಅಕ್ಷರ ತೋರಿಸುತ್ತಿತ್ತು. ಸೆಟ್ಟಿಂಗ್ ಬದಲಾಯಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಪ್ಯಾರಿಟಿ ತಪ್ಪನ್ನು ಹಿಡಿಯುವ ಬಿಟ್ ಎಂದು ಪುಸ್ತಕದಲ್ಲಿ ಓದಿದ್ದ ಹುಡುಗನಿಗೆ, ಎರಡು ತುದಿಗಳೂ ಒಪ್ಪದಿದ್ದರೆ ಅದೇ ಬಿಟ್ ತಪ್ಪನ್ನು ಉಂಟುಮಾಡುತ್ತದೆ ಎಂಬುದು ಆ ದಿನ ಕಣ್ಣಿಗೆ ಕಂಡಿತು.

ದತ್ತಾಂಶದ ಹರಿವನ್ನು ತಡೆದು ಮತ್ತೆ ಬಿಡುವ ಫ್ಲೋ ಕಂಟ್ರೋಲ್ ಕೂಡ ಕಂಪ್ಯೂಟರ್ ಮತ್ತು ಅದಕ್ಕೆ ನೇರವಾಗಿ ತಾಗಿಕೊಂಡಿರುವ ಉಪಕರಣದ ನಡುವಿನ ಮಾತು. ಹಾರ್ಡ್‌ವೇರ್ ವಿಧಾನದಲ್ಲಿ ಆರ್.ಟಿ.ಎಸ್. ಮತ್ತು ಸಿ.ಟಿ.ಎಸ್., ಅಂದರೆ 9 ಪಿನ್ನಿನ ಕನೆಕ್ಟರಿನ 7 ಮತ್ತು 8ನೆಯ ಪಿನ್ನುಗಳು, ‘ಕಳುಹಿಸು’, ‘ತಡೆ’ ಎಂಬ ಸೂಚನೆ ಕೊಡುತ್ತವೆ. ಕೇಬಲ್ಲಿನಲ್ಲಿ ಈ ಎರಡು ಪಿನ್ನುಗಳಿಗೆ ತಂತಿಯಿಲ್ಲದೆ ಮೂರೇ ತಂತಿಗಳಿದ್ದು ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ನಿಯಂತ್ರಣ ಆನ್ ಆಗಿದ್ದರೆ, ಬಾರದ ಸೂಚನೆಗೆ ಕಾದು ಕುಳಿತ ಕಂಪ್ಯೂಟರ್ ಒಂದಕ್ಷರವನ್ನೂ ಕಳುಹಿಸುವುದಿಲ್ಲ. ಸಾಫ್ಟ್‌ವೇರ್ ವಿಧಾನಕ್ಕೆ ಹೆಚ್ಚುವರಿ ತಂತಿ ಬೇಡ; 19ನೆಯ ಆಸ್ಕಿ ಅಕ್ಷರ ಬಂದರೆ ನಿಲ್ಲಬೇಕು, 17ನೆಯದು ಬಂದರೆ ಮುಂದುವರಿಯಬೇಕು. ಬರಹ ರೂಪದ ದತ್ತಾಂಶಕ್ಕೆ ಇದು ಸಾಕು. ಬೈನರಿ ಕಡತದಲ್ಲಿ 19 ಎಂಬ ಬೆಲೆ ಸಹಜವಾಗಿಯೇ ಬರುವುದರಿಂದ ವರ್ಗಾವಣೆ ಅಲ್ಲಿಗೇ ನಿಂತುಬಿಡಬಹುದು, ಅದೂ ಪ್ರತಿ ಸಲ ಒಂದೇ ಜಾಗದಲ್ಲಿ. ನಿಂತ ಜಾಗ ಬದಲಾಗುತ್ತಿದೆಯೇ ಇಲ್ಲವೇ ಎಂದು ನಾನು ಮೊದಲು ವಿಚಾರಿಸುವುದು ಇದಕ್ಕಾಗಿಯೇ.

ಇಂದಿನ ಮಳೆಮಾಪನ ಕೇಂದ್ರಗಳಲ್ಲಿರುವ ಜಿ.ಎಸ್.ಎಂ. (ಮೊಬೈಲ್ ಜಾಲದ) ಮೋಡೆಮ್‌ಗಳೂ, ಹೇಯ್ಸ್ ಕಂಪನಿ 1981ರಲ್ಲಿ ತನ್ನ ಸ್ಮಾರ್ಟ್‌ಮೋಡೆಮ್‌ಗೆ ರೂಪಿಸಿದ ಎ.ಟಿ. ಆದೇಶಗಳ ಮುಂದುವರಿಕೆಯನ್ನೇ ಬಳಸುತ್ತವೆ. ಎ.ಟಿ. ಎಂದು ಟೈಪ್ ಮಾಡಿದಾಗ ‘ಓಕೆ’ ಬಂದರೆ, ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ತುಂಡು ಸರಿಯಾಗಿದೆ ಎಂದಷ್ಟೇ ಅರ್ಥ. ಆಚೆಯ ದಾರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆಚೆಯದಕ್ಕೆ ಸಿಗ್ನಲ್ ಕೇಳುವ ಸಿ.ಎಸ್.ಕ್ಯೂ. ಆದೇಶವಿದೆ. ಅದರ ಉತ್ತರ 0ರಿಂದ 31ರವರೆಗೆ ಇರುತ್ತದೆ. 99 ಎಂದರೆ ಅಳೆಯಲು ಸಾಧ್ಯವಾಗಿಲ್ಲ ಎಂದರ್ಥ. 99ನ್ನು ನೂರಕ್ಕೆ ತೊಂಬತ್ತೊಂಬತ್ತು ಎಂದು ಓದಿ ‘ಸಿಗ್ನಲ್ ಫುಲ್’ ಎಂದು ವರದಿ ಬರೆದವರೂ ಇದ್ದಾರೆ.

ಭರಣಿ, ಕೃತ್ತಿಕಾ ಮಳೆಗಳ ಗುಡುಗು ಸಿಡಿಲು ಶುರುವಾದ ಮೇಲೆ ನಮಗೆ ಬರುವ ದೂರುಗಳಲ್ಲಿ ಸುಟ್ಟ ಸೀರಿಯಲ್ ಪೋರ್ಟುಗಳದ್ದೇ ದೊಡ್ಡ ಪಾಲು. ಆಗ ಮಾಡುವ ಪರೀಕ್ಷೆ ಸರಳ. ಫ್ಲೋ ಕಂಟ್ರೋಲ್ ಆಫ್ ಮಾಡಿ, ಕೇಬಲ್ ಬಿಚ್ಚಿ, ಪೋರ್ಟಿನ 2 ಮತ್ತು 3ನೆಯ, ಅಂದರೆ ದತ್ತಾಂಶ ಪಡೆಯುವ ಮತ್ತು ಕಳುಹಿಸುವ, ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ ಟೈಪ್ ಮಾಡಬೇಕು. ಒತ್ತಿದ ಅಕ್ಷರ ತೆರೆಯ ಮೇಲೆ ಮರಳಿ ಬಂದರೆ ಪೋರ್ಟ್ ಜೀವಂತವಾಗಿದೆ. ಬಳಿಕ ಕೇಬಲ್ ಹಾಕಿ ಅದರ ಆಚೆ ತುದಿಯಲ್ಲಿ ಹಾಗೆಯೇ ಸೇರಿಸಿ ನೋಡಬೇಕು. ಅಲ್ಲಿಂದಲೂ ಅಕ್ಷರ ಬಂದರೆ ಮೋಡೆಮ್ ಜೋಡಿಸಿ ಎ.ಟಿ. ಕೊಡಬೇಕು. ‘ಓಕೆ’ ಬಂದ ಮೇಲೆಯೇ ಸಿಮ್, ಆಂಟೆನಾಗಳ ಕಡೆ ಕೈ ಹಾಕಬೇಕು. ಅದಕ್ಕೂ ಮೊದಲು ಆಂಟೆನಾ ಕಂಬ ಹತ್ತಲು ನಮ್ಮ ತಂಡದಲ್ಲಿ ಯಾರಿಗೂ ಅನುಮತಿಯಿಲ್ಲ.