ಎಂಟೇ ಎಂಟು ಕ್ರೇಟು

ಬಿಬಿಎಯಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅಂದರೆ ನಮಗೆ ಫಾರ್ಮುಲಾ ಕ್ಲಾಸ್. ಸರಕು ಯಾವಾಗ ತರಿಸಬೇಕು, ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಕಡಿಮೆ? ಇದಕ್ಕೆ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಒಂದು ಸೂತ್ರ ಬರೆದಿಟ್ಟಿದ್ದಾರೆ. ವರ್ಷದ ಬೇಡಿಕೆ, ಆರ್ಡರಿನ ಖರ್ಚು, ಸಂಗ್ರಹದ ಖರ್ಚು ಹಾಕಿ ವರ್ಗಮೂಲ ತೆಗೆದರೆ ಉತ್ತರ ಸಿಕ್ಕಿತು. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ಕೊಡುವ ಲೆಕ್ಕ ಅದು. ಹಾಗಾಗಿ ಎಲ್ಲರಿಗೂ ಅದರ ಮೇಲೆ ಪ್ರೀತಿ.

ಅವತ್ತು ಮೇಡಂ ಬೋರ್ಡಿನ ಕಡೆ ಹೋಗಲೇ ಇಲ್ಲ. ಮೇಜುಗಳನ್ನು ಸಾಲಾಗಿ ಜೋಡಿಸಿ ಅಂದರು. ಒಂದೊಂದು ಸಾಲಿಗೂ ನಾಲ್ಕು ಜಾಗ: ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಪ್ರತಿ ಸಾಲಿಗೆ ಒಂದು ಡಬ್ಬಿ ಪ್ಲಾಸ್ಟಿಕ್ ಬಿಲ್ಲೆ, ಒಂದು ಕಟ್ಟು ಚೀಟಿ. "ಇದರ ಹೆಸರು ಬಿಯರ್ ಗೇಮ್. ಬಿಯರ್ ಇಲ್ಲ, ಬಿಲ್ಲೆ ಇದೆ" ಅಂದರು. ಹಿಂದಿನ ಬೆಂಚಿನವರು ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

ನಿಯಮ ಸುಲಭ. ಒಂದು ಸುತ್ತು ಅಂದರೆ ಒಂದು ವಾರ. ಗಿರಾಕಿ ಅಂಗಡಿಯಲ್ಲಿ ಕೇಳುತ್ತಾನೆ. ಅಂಗಡಿಯವರು ಸಗಟು ವ್ಯಾಪಾರಿಗೆ ಚೀಟಿ ಬರೆಯುತ್ತಾರೆ, ಅವರು ವಿತರಕರಿಗೆ, ವಿತರಕರು ಕಾರ್ಖಾನೆಗೆ. ಚೀಟಿ ಮುಂದಿನವರ ಕೈ ಸೇರಲು ಸಮಯ ಬೇಕು. ಅವರು ಕಳಿಸಿದ ಸರಕು ಬಂದು ತಲುಪಲು ಮತ್ತೆ ಎರಡು ವಾರ ಬೇಕು. ಶುರುವಿನಲ್ಲಿ ಎಲ್ಲರ ಹತ್ತಿರವೂ 12 ಕ್ರೇಟು. ಗೋದಾಮಿನಲ್ಲಿ ಉಳಿದ ಪ್ರತಿ ಕ್ರೇಟಿಗೆ ವಾರಕ್ಕೆ ಅರ್ಧ ಡಾಲರ್ ಖರ್ಚು. ಕೇಳಿದವರಿಗೆ ಕೊಡಲಾಗದೆ ಬಾಕಿ ಉಳಿಸಿಕೊಂಡರೆ ಕ್ರೇಟಿಗೆ ಒಂದು ಡಾಲರ್. ಇಡೀ ಸಾಲಿನ ಖರ್ಚು ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರು ಗೆದ್ದರು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಸನ್ನೆಯೂ ಮಾಡುವಂತಿಲ್ಲ.

ನಾನು ಅಂಗಡಿ. ಗಿರಾಕಿ ವಾರಕ್ಕೆ ಎಷ್ಟು ಕೇಳುತ್ತಾನೆ ಅನ್ನೋ ಕಾರ್ಡುಗಳ ಕಟ್ಟು ನನ್ನ ಮುಂದೆ ಮಗುಚಿಟ್ಟಿತ್ತು. ಇಡೀ ಸಾಲಿನಲ್ಲಿ ಅದನ್ನು ನೋಡುವವಳು ನಾನೊಬ್ಬಳೇ.

ಮೊದಲ ನಾಲ್ಕು ವಾರ ನಿದ್ದೆ ಬರುವಂತಿತ್ತು. ಕಾರ್ಡ್ ತೆಗೆದರೆ 4. ನಾಲ್ಕು ಕೊಡು, ನಾಲ್ಕು ಬರುತ್ತೆ, ನಾಲ್ಕಕ್ಕೆ ಚೀಟಿ ಬರಿ. ಐದನೇ ವಾರದ ಕಾರ್ಡಿನಲ್ಲಿ 8 ಇತ್ತು. ಗೋದಾಮಿನಲ್ಲಿ ಸಾಕಷ್ಟಿತ್ತಲ್ಲ, ನಾನೇನೂ ಹೆದರಲಿಲ್ಲ. ಎಂಟು ಕೊಟ್ಟು ಎಂಟಕ್ಕೇ ಚೀಟಿ ಬರೆದೆ. ಆದರೆ ಬರುತ್ತಿದ್ದದ್ದು ಹಿಂದೆ ಬರೆದಿದ್ದ ನಾಲ್ಕು ಮಾತ್ರ. ಆ ವಾರ 8 ಉಳಿಯಿತು, ಮುಂದಿನ ವಾರ 4, ಅದರ ಮುಂದಿನ ವಾರ ಸೊನ್ನೆ. ಎಂಟನೇ ವಾರ ಗಿರಾಕಿಗೆ ನಾಲ್ಕು ಕೊಟ್ಟು, ಇನ್ನು ನಾಲ್ಕನ್ನು ಬಾಕಿ ಬರೆದುಕೊಂಡೆ.

ಈಗ ನೋಡಿ. ಗಿರಾಕಿಗೆ ಬೇಕಾದ ಎಂಟನ್ನೇ ಪ್ರತಿ ವಾರ ಬರೆಯುತ್ತಾ ಹೋದರೆ ಈ ಬಾಕಿ ಎಂದಿಗೂ ತೀರುವುದಿಲ್ಲ. ಬರೋದು ಎಂಟು, ಹೋಗೋದು ಎಂಟು, ಬಾಕಿ ನಾಲ್ಕು ಅಲ್ಲೇ. ಅದು ತೀರಬೇಕು, ಕೈಯಲ್ಲೂ ಸ್ವಲ್ಪ ಇರಬೇಕು ಅಂದರೆ ಎಂಟಕ್ಕಿಂತ ಜಾಸ್ತಿ ಬರೆಯಲೇಬೇಕು. ಇದು ದುರಾಸೆಯಲ್ಲ, ಲೆಕ್ಕ. 12 ಬರೆದೆ. ಬರಲಿಲ್ಲ. 16 ಬರೆದೆ.

ಸಗಟು ವ್ಯಾಪಾರಿಯಾಗಿ ಪಕ್ಕದಲ್ಲಿ ಕೂತಿದ್ದ ಗೆಳತಿಗೆ ನನ್ನ ಕಾರ್ಡ್ ಕಾಣುವುದಿಲ್ಲ. ಅವಳಿಗೆ ಕಾಣುವುದು 4, 8, 12, 16 ಅಂತ ಮೆಟ್ಟಿಲು ಹತ್ತುತ್ತಿರುವ ಚೀಟಿ. ಇದು ಇನ್ನೂ ಎಲ್ಲಿಗೆ ಹೋಗುತ್ತೋ ಅಂತ ಅವಳು 24 ಬರೆದಳು. ಅದನ್ನು ನೋಡಿದ ವಿತರಕ 30 ಬರೆದ. ಸಾಲಿನ ಆ ತುದಿಯಲ್ಲಿದ್ದ ಕಾರ್ಖಾನೆಯ ಹುಡುಗ ತಲೆ ಕೆರೆದುಕೊಂಡು 40 ಕ್ರೇಟು ತಯಾರಿಗೆ ಹಾಕಿದ. ಅದೇ ಹೊತ್ತಿಗೆ ನಾನು ಕಾರ್ಡ್ ತೆಗೆದೆ. ಎಂಟು. ಮುಂದಿನ ವಾರ? ಎಂಟು. ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು. ಮೇಡಂ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಸರಕು ಬಂತು. ಬಂತು ಅಂದರೆ, ಬರೋದು ನಿಲ್ಲಲೇ ಇಲ್ಲ. ನಾವೆಲ್ಲ ಬಾಕಿ ತೀರಿಸಿ ಉಸಿರು ಬಿಡುವಷ್ಟರಲ್ಲಿ ಮೇಜಿನ ಮೇಲೆ ಬಿಲ್ಲೆಗಳಿಗೆ ಜಾಗ ಸಾಲದಾಯಿತು. ನಾನು ಚೀಟಿಯಲ್ಲಿ ಸೊನ್ನೆ ಬರೆಯತೊಡಗಿದೆ. ಗೆಳತಿಯೂ ಸೊನ್ನೆ, ವಿತರಕನೂ ಸೊನ್ನೆ. ಕಾರ್ಖಾನೆಯ ಹುಡುಗನಿಗೆ ವಾರಗಟ್ಟಲೆ ಸೊನ್ನೆಯ ಚೀಟಿಗಳೇ ಹೋದವು. ಅವನ ಗೋದಾಮಿನ ಖರ್ಚು ಮಾತ್ರ ತನ್ನ ಪಾಡಿಗೆ ಏರುತ್ತಿತ್ತು.

50 ವಾರ ಆಡುತ್ತೇವೆ ಅಂದಿದ್ದ ಮೇಡಂ 36ಕ್ಕೇ ನಿಲ್ಲಿಸಿದರು. ಆಟ ಮುಗಿಯೋ ವಾರ ಮೊದಲೇ ಗೊತ್ತಿದ್ದರೆ ಕೊನೆಯಲ್ಲಿ ಎಲ್ಲರೂ ಗೋದಾಮು ಖಾಲಿ ಮಾಡಲು ನೋಡುತ್ತಾರಂತೆ. ಆಮೇಲೆ, ಅಂಗಡಿಯವರನ್ನು ಬಿಟ್ಟು ಉಳಿದವರೆಲ್ಲ ಬೋರ್ಡಿಗೆ ಬಂದು, ಗಿರಾಕಿಯ ಬೇಡಿಕೆ ಹೇಗಿತ್ತು ಅಂತ ಗೆರೆ ಎಳೆಯಿರಿ ಅಂದರು. ಎಲ್ಲ ಸಾಲಿನವರೂ ಬಂದರು. ಒಬ್ಬ ಬೆಟ್ಟ ಬರೆದ, ಇನ್ನೊಬ್ಬಳು ಅಲೆ ಬರೆದಳು. ನಮ್ಮ ಕಾರ್ಖಾನೆಯ ಹುಡುಗನದ್ದು ಕಡಿದಾಗಿ ಮೇಲೇರಿ, ಅಷ್ಟೇ ಜೋರಾಗಿ ನೆಲಕ್ಕೆ ಬಿದ್ದಿತ್ತು. "ಹಬ್ಬದ ಸೀಸನ್ ಇರಬೇಕು, ಆಮೇಲೆ ಗಿರಾಕಿಗೆ ಬೇಜಾರಾಗಿದೆ" ಅಂತ ಕಾರಣವನ್ನೂ ಕೊಟ್ಟ.

ಮೇಡಂ ನನ್ನ ಕಾರ್ಡುಗಳನ್ನು ಒಂದೊಂದಾಗಿ ಓದಿಸಿದರು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ಎಂಟು, ಎಂಟು, ಎಂಟು. ಹತ್ತನೇ ಎಂಟಿಗೆ ಕ್ಲಾಸ್ ನಗಲು ಶುರು ಮಾಡಿತು. ಕಾರ್ಖಾನೆಯ ಹುಡುಗ ನಗಲಿಲ್ಲ.

"ಎಂಟು ಅಂತ ನಿನ್ನ ಕೈಯಲ್ಲೇ ಇತ್ತಲ್ಲ, ಮತ್ತೆ 16 ಯಾಕೆ ಬರೆದೆ?" ಅಂದ.

"ನೀವು ಕಳಿಸಲಿಲ್ಲ, ಅದಕ್ಕೆ."

"ಕಳಿಸಿದ್ದು ದಾರಿಯಲ್ಲಿತ್ತಲ್ಲ!"

ಮೇಡಂ ಅಲ್ಲೇ ಹಿಡಿದರು. "ಸರಿ, 12ನೇ ವಾರದಲ್ಲಿ ನೀವು ಆರ್ಡರ್ ಮಾಡಿ ಇನ್ನೂ ಕೈಗೆ ಬರದ ಕ್ರೇಟು ಎಷ್ಟಿತ್ತು? ಒಬ್ಬೊಬ್ಬರಾಗಿ ಹೇಳಿ." ಯಾರಿಗೂ ಹೇಳಲಾಗಲಿಲ್ಲ. ಚೀಟಿ ಬರೆದವರು ನಾವೇ, ಕೈಬರಹ ನಮ್ಮದೇ. ಗೋದಾಮಿನಲ್ಲಿ ಎಷ್ಟಿದೆ ಅನ್ನೋದು ಎಲ್ಲರಿಗೂ ಬಾಯಿಪಾಠ. ಬಾಕಿ ಎಷ್ಟು ಅನ್ನೋದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ದಾರಿಯಲ್ಲಿ ಇರೋದನ್ನು ಮಾತ್ರ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ತಮಾಷೆ ಏನಂದರೆ, ಬಂದಿಲ್ಲದ, ಆದರೆ ನಮ್ಮದೇ ಆದ ಸರಕನ್ನು ಹೇಗೆ ತೋರಿಸಬೇಕು ಅಂತ ಅದೇ ವಾರ ಅಕೌಂಟ್ಸ್ ಕ್ಲಾಸಿನಲ್ಲಿ ಬರೆದುಕೊಂಡಿದ್ದೆವು. ಆ ನೋಟ್‌ಬುಕ್ ಬೇರೆ, ಈ ನೋಟ್‌ಬುಕ್ ಬೇರೆ. ನಮ್ಮ ಕೋರ್ಸಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಹಣಕಾಸು ಒಂದು ಡಬ್ಬಿ, ಮಾರ್ಕೆಟಿಂಗ್ ಒಂದು ಡಬ್ಬಿ, ಜನರನ್ನು ನೋಡಿಕೊಳ್ಳೋದು ಮತ್ತೊಂದು ಡಬ್ಬಿ. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯಲು ಬಿಡುವುದಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾನ್ ಸ್ಟರ್ಮನ್ ಈ ಆಟ ಆಡಿದವರ ನಿರ್ಧಾರಗಳನ್ನೇ ಅಧ್ಯಯನ ಮಾಡಿ 1989ರಲ್ಲಿ ಪ್ರಕಟಿಸಿದರು. ತಂಡಗಳ ಸರಾಸರಿ ಖರ್ಚು, ಆಗಬಹುದಾಗಿದ್ದ ಕನಿಷ್ಠ ಖರ್ಚಿನ ಸುಮಾರು ಹತ್ತು ಪಟ್ಟು ಇತ್ತು. ಕಾರಣ ನಮ್ಮದೇ: ಆರ್ಡರ್ ಮಾಡಿಯಾಗಿರುವ ಸರಕನ್ನು ಜನ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೂ ಒಂದು ವಿಷಯವಿದೆ. ಆಟ ಮುಗಿದ ಮೇಲೆ ಹೆಚ್ಚಿನವರು ಗಿರಾಕಿಯನ್ನೇ ದೂರುತ್ತಾರೆ. ನಮ್ಮ ಬೆಟ್ಟ, ನಮ್ಮ ಅಲೆ, ನಮ್ಮ ಹಬ್ಬದ ಸೀಸನ್ ಯಾವುದೂ ಹೊಸದಾಗಿರಲಿಲ್ಲ. ಇದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನ, ಜಾಸ್ತಿ ಸಿಟ್ಟು.

ನಿಜವಾದ ಕಂಪನಿಗಳಲ್ಲೂ ಹೀಗಾಗುತ್ತಾ ಅಂತ ಯಾರೋ ಕೇಳಿದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಡೈಪರ್ ಕಥೆ ಬಂತು. ಮಕ್ಕಳು ಡೈಪರ್ ಒದ್ದೆ ಮಾಡೋದು ಹೆಚ್ಚು ಕಡಿಮೆ ಒಂದೇ ಲಯದಲ್ಲಿ. ಅಂಗಡಿಯ ಮಾರಾಟದಲ್ಲೂ ದೊಡ್ಡ ಏರಿಳಿತ ಇರಲಿಲ್ಲ. ವಿತರಕರ ಆರ್ಡರ್ ಮಾತ್ರ ಜೋರಾಗಿ ಕುಣಿಯುತ್ತಿತ್ತು. ಇದನ್ನು ಉದಾಹರಣೆಯಾಗಿ ಇಟ್ಟುಕೊಂಡು ಮೂವರು ಸಂಶೋಧಕರು 1997ರಲ್ಲಿ ಬರೆದ ಮೇಲೆ ಬುಲ್‌ವಿಪ್ ಪರಿಣಾಮ, ಅಂದರೆ ಚಾಟಿಯ ಹಾಗೆ ಹಿಡಿಯಲ್ಲಿನ ಸಣ್ಣ ಅಲುಗಾಟ ತುದಿಯಲ್ಲಿ ದೊಡ್ಡದಾಗೋದು, ಅನ್ನೋ ಹೆಸರು ಪಠ್ಯಪುಸ್ತಕಗಳಿಗೆ ಬಂತು. ಆದರೆ ನನ್ನ ತಲೆಯಲ್ಲಿ ಕೂತದ್ದು ಅದಕ್ಕಿಂತ ಹಳೆಯ ಕಥೆ. ಜೇ ಫಾರೆಸ್ಟರ್ ಅಂತ ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರ್, ಕಂಪ್ಯೂಟರ್ ಮೆಮೊರಿ ಮಾಡಿ ಹೆಸರು ಪಡೆದವರು, 1956ರಲ್ಲಿ ಎಂಐಟಿಯ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬಂದರು. ಜನರಲ್ ಎಲೆಕ್ಟ್ರಿಕ್‌ನವರು ಅವರ ಮುಂದೆ ಒಂದು ಒಗಟು ಇಟ್ಟರು. ಕೆಂಟಕಿಯ ತಮ್ಮ ಕಾರ್ಖಾನೆಗಳಲ್ಲಿ ಒಮ್ಮೆ ಶಿಫ್ಟ್ ಮೇಲೆ ಶಿಫ್ಟ್ ಕೆಲಸ, ಕೆಲವು ವರ್ಷಗಳಲ್ಲಿ ಅರ್ಧ ಜನ ಮನೆಗೆ. ಯಾಕೆ ಹೀಗೆ? ಮಾರುಕಟ್ಟೆಯ ಏರಿಳಿತ ಅಂತ ಅವರು ಅಂದುಕೊಂಡಿದ್ದರು. ಫಾರೆಸ್ಟರ್ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ವಾರವಾರದ ಲೆಕ್ಕ ಹಾಕಿದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಒಳಗಿನ ತೀರ್ಮಾನಗಳಿಂದಲೇ ಆ ಏರಿಳಿತ ಬರಬಹುದು ಅಂತ ಕಂಡಿತು. 1960ರ ಆಸುಪಾಸಿನಲ್ಲಿ ಅವರ ಗುಂಪಿನಿಂದ ಬಂದದ್ದೇ ಈ ಆಟ.

ಅರ್ಧ ಜನ ಮನೆಗೆ. ನಮ್ಮ ಸಾಲಿನಲ್ಲಿ ಸೊನ್ನೆ ಅಂದರೆ ಅದು. ನಾವು ಬಿಲ್ಲೆ ಎಣಿಸುತ್ತಿದ್ದೆವು, ಅಷ್ಟೇ.

"ಇಲ್ಲಿ ಯಾರ ತಪ್ಪೂ ಇಲ್ಲ, ವ್ಯವಸ್ಥೆಯ ಸ್ವರೂಪವೇ ಹಾಗೆ" ಅಂತ ಮೇಡಂ ಮುಗಿಸಲು ನೋಡಿದರು. ಕಾರ್ಖಾನೆಯ ಹುಡುಗ ಬಿಡಲಿಲ್ಲ. "ಪೆನ್ನು ಹಿಡಿದವರು ಜನ ತಾನೇ ಮೇಡಂ?" ಅಂದ. ಅರ್ಧ ನ್ಯಾಯ ಅವನ ಕಡೆ ಇತ್ತು ಅನ್ನಿಸುತ್ತೆ. ನಾಲ್ಕು ಬೇರೆ ಜನರನ್ನು ಕೂರಿಸಿದರೂ ಇದೇ ಆಗುತ್ತೆ ಅನ್ನೋದು ನಿಜ. ಕ್ಲಾಸಿನ ಎಲ್ಲ ಸಾಲುಗಳ ಚಿತ್ರವೂ ಹೆಚ್ಚು ಕಡಿಮೆ ಒಂದೇ ಇತ್ತು. ಆದರೆ ಯಾರದ್ದೂ ತಪ್ಪಿಲ್ಲ ಅಂತ ಹೇಳಿ ಎದ್ದು ಹೋಗುವುದಾದರೆ ಅಡ್ಮಿನಿಸ್ಟ್ರೇಷನ್ ಅಂತ ಒಂದು ಡಿಗ್ರಿ ಯಾಕೆ ಬೇಕು?

ನಮ್ಮ ಜಗಳದ ನಡುವೆ ಗೆಳತಿ ಸುಮ್ನೆ ಒಂದು ಮಾತು ಹಾಕಿದಳು: "ಗ್ಯಾಂಗ್ ಪ್ಲ್ಯಾಂಕ್." ಎಲ್ಲರೂ ನಕ್ಕರು. ಮೊದಲ ವರ್ಷ ಹೆನ್ರಿ ಫಯೋಲ್‌ನ 14 ತತ್ವಗಳನ್ನು ಬಾಯಿಪಾಠ ಮಾಡದವರು ಯಾರಿದ್ದಾರೆ? ಗಣಿ ಕಂಪನಿ ನಡೆಸಿದ ಆ ಫ್ರೆಂಚ್ ಎಂಜಿನಿಯರ್ 1916ರಲ್ಲೇ ಬರೆದಿದ್ದ. ಅಧಿಕಾರದ ಏಣಿಯನ್ನು ಹತ್ತಿ ಇಳಿಯುತ್ತಾ ಕೂತರೆ ಕೆಲಸ ತಡವಾಗುತ್ತೆ. ಮೇಲಿನವರ ಒಪ್ಪಿಗೆ ಪಡೆದು ಒಂದೇ ಹಂತದ ಇಬ್ಬರು ನೇರವಾಗಿ ಮಾತಾಡಿಕೊಳ್ಳಲಿ ಅಂತ. ಆ ಅಡ್ಡದಾರಿಗೇ ಗ್ಯಾಂಗ್ ಪ್ಲ್ಯಾಂಕ್ ಅನ್ನೋದು. ನಾವು ಅದಕ್ಕೆ ಚಿತ್ರ ಬರೆದು, ಸ್ಕೇಲ್ ಇಟ್ಟು ಗೆರೆ ಎಳೆದು, ಮಾರ್ಕ್ಸ್ ತೆಗೆದುಕೊಂಡಿದ್ದೆವು. ಹದಿನಾಲ್ಕನೇ ತತ್ವ ಒಗ್ಗಟ್ಟು. ಅದರ ಬಗ್ಗೆ ಅವತ್ತು ಮಾತಾಡದಿರುವುದೇ ವಾಸಿ.

ಮಧ್ಯಾಹ್ನ ಇನ್ನೊಂದು ಆಟ ಆಡಿಸಿದರು. ಈ ಸಲ ಗಿರಾಕಿಯ ಕಾರ್ಡ್ ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ. ಮಾತು ಮಾತ್ರ ಇಲ್ಲ. ಗೆದ್ದೆವು ಅಂದುಕೊಂಡೆ. ಖರ್ಚು ಇಳಿಯಿತು, ಚೆನ್ನಾಗಿಯೇ ಇಳಿಯಿತು. ಆದರೆ ಅಲೆ ಹೋಗಲಿಲ್ಲ. ಎಂಟು ಅಂತ ಕಣ್ಣೆದುರೇ ಬರೆದಿದ್ದರೂ ಕಾರ್ಖಾನೆಯ ಹುಡುಗ ಒಂದು ವಾರ 20 ತಯಾರಿಸಿದ. ರೇಚಲ್ ಕ್ರೋಸನ್, ಕರೆನ್ ಡೊನೊಹ್ಯೂ ಎಂಬ ಸಂಶೋಧಕರು ಪ್ರಯೋಗಗಳಲ್ಲಿ ಕಂಡದ್ದೂ ಇದನ್ನೇ. ಬೇಡಿಕೆಯ ಸ್ವರೂಪ ಮೊದಲೇ ಗೊತ್ತಿದ್ದರೂ ಆರ್ಡರುಗಳು ಉಬ್ಬುತ್ತಲೇ ಇರುತ್ತವೆ.

"ಈಗ ಯಾಕೋ 20?" ಅಂತ ಈ ಸಲ ನಾನು ಕೇಳಿದೆ.

"ಗಿರಾಕಿ ಎಂಟು ಕೇಳ್ತಾನೆ ಅಂತ ಗೊತ್ತಿತ್ತು. ನೀವು ಮೂವರು ಏನು ಬರೀತೀರೋ ಅದು ಗೊತ್ತಿರಲಿಲ್ಲ."

ಹಾಗಾದರೆ ಮುಂದಿನ ಕ್ಲಾಸಿನಲ್ಲಿ ಮಾತಾಡಿಕೊಂಡು ಆಡಲು ಬಿಡಿ ಅಂತ ಮೇಡಂಗೆ ಕೇಳಿದೆವು. ಒಪ್ಪಿದರು, ಆದರೆ ಒಂದು ಷರತ್ತು. ಯಾರು ಯಾರಿಗೆ ಏನು ಮಾತು ಕೊಡುತ್ತೀರಿ, ತಪ್ಪಿದರೆ ಏನು ಅಂತ ಮೊದಲು ಒಂದು ಪುಟದಲ್ಲಿ ಬರೆದು, ನಾಲ್ವರೂ ಸಹಿ ಹಾಕಿ ತನ್ನಿ. ಕಾರ್ಖಾನೆಯ ಹುಡುಗ ಅಂಗಡಿಯವರು ಹತ್ತಕ್ಕಿಂತ ಜಾಸ್ತಿ ಬರೆಯಬಾರದು ಅಂದ. ನಾನು, ಹಾಗಾದರೆ ಬಾಕಿ ಉಳಿದಾಗ ಕ್ರೇಟಿಗೆ ಬೀಳುವ ಒಂದು ಡಾಲರನ್ನು ನಾಲ್ವರೂ ಹಂಚಿಕೊಳ್ಳಬೇಕು ಅಂದೆ. ವಿತರಕನಿಗೆ ಅದು ಒಪ್ಪಿಗೆ ಇರಲಿಲ್ಲ. ಆ ಒಂದು ಪುಟ ಬರೆಯಲು ಎರಡು ಆಟಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.