ಉದುರಿಹೋಗುವ ಒಂದು ‘ಸ್’

ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಹೆಂಚಿನ ಸದ್ದಿನ ನಡುವೆ ಒಂಬತ್ತನೆಯ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೇನೆ. ‘ಮೈ ಫಾದರ್ ಗೋ ಟು ತೋಟ ಎವ್ರಿಡೇ’ ಎಂದು ಬರೆದಿರುವ ಹುಡುಗಿ, ಅಲ್ಲಿ ‘ಗೋಸ್’ ಆಗಬೇಕೆಂಬ ನಿಯಮವನ್ನು ನಿನ್ನೆ ತಾನೇ ತಡವರಿಸದೆ ಒಪ್ಪಿಸಿದ್ದಳು.

ಕನ್ನಡದ ಪ್ರಭಾವವೆನ್ನೋಣವೆಂದರೆ, ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ಬದಲಿಸುವುದು ನಮಗೆ ತೊಟ್ಟಿಲಿನಿಂದಲೇ ಬಂದ ಅಭ್ಯಾಸ. 1974ರಲ್ಲಿ ಭಾಷಾಕಲಿಕೆಯ ಸಂಶೋಧಕರಾದ ಡುಲೇ ಮತ್ತು ಬರ್ಟ್ ಅವರು ಸ್ಪ್ಯಾನಿಷ್ ಹಾಗೂ ಚೀನೀ ಮನೆಮಾತಿನ ಮಕ್ಕಳನ್ನು ಹೋಲಿಸಿದಾಗ, ಇಂಗ್ಲಿಷಿನ ಪ್ರತ್ಯಯಗಳು ಇಬ್ಬರಲ್ಲೂ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ನೆಲೆಗೊಂಡಿದ್ದು ಕಂಡಿತು. ‘ಗೋಸ್’ನ ಕೊನೆಯ ಈ ‘ಸ್’ ತಡವಾಗಿ ಬರುವವುಗಳಲ್ಲಿ ಒಂದು. ಅರಿತ ನಿಯಮವೇ ಬೇರೆ, ಮೈಗೂಡಿದ ಭಾಷೆಯೇ ಬೇರೆ ಎಂದು ಭಾಷಾವಿಜ್ಞಾನಿ ಕ್ರಾಷೆನ್ ಮುಂದೆ ವಾದಿಸಿದರು. ನಮ್ಮ ಬೆಂಗಳೂರಿನಲ್ಲೇ 1979ರಿಂದ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ವ್ಯಾಕರಣ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳಂಥ ಸಮಸ್ಯೆಗಳನ್ನು ಬಿಡಿಸಲು ಕೊಟ್ಟು ಇಂಗ್ಲಿಷ್ ಕಲಿಸಿ ನೋಡಿದ್ದರು. ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ, ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆ ಇದೆ.

ಆದರೂ ಈ ಬಾರಿ ಕೆಂಪು ಗೆರೆ ಎಳೆಯದೆ, ಅಂಚಿನಲ್ಲಿ ‘ವಾಟ್ ಡಸ್ ಹಿ ಬ್ರಿಂಗ್ ಹೋಮ್?’ ಎಂದಷ್ಟೇ ಕೇಳಿದ್ದೇನೆ. ಉತ್ತರ ಸೋಮವಾರ ಬರಬೇಕು, ಮಳೆಗೆ ಶಾಲೆಗೆ ರಜೆ ಕೊಡದಿದ್ದರೆ.