ಕೆಂಪು ಬಟ್ಟೆಯ ಫಿರ್ಯಾದಿಗಳು

ಬಿ.ಎ. ಎರಡನೆಯ ವರ್ಷದಲ್ಲಿ ನಮಗೆ ಇತಿಹಾಸದ ತರಗತಿ ಇರುತ್ತಿದ್ದುದು ಮಧ್ಯಾಹ್ನದ ಊಟವಾದ ಕೂಡಲೇ. ಒಂದು ದಿನ ಮೇಷ್ಟರು ಪಠ್ಯಪುಸ್ತಕ ಮುಚ್ಚಿಟ್ಟು ಕಿವಿ ಮಂದವಾಗಿದ್ದ ರಾಜನೊಬ್ಬನ ಕಥೆ ತೆಗೆದರು. ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕುಳಿತೆವು.

ಪ್ರಜೆಗಳ ಅಳಲನ್ನು ನಡುವಿನವರು ತನಗೆ ಸರಿಯಾಗಿ ಮುಟ್ಟಿಸುವುದಿಲ್ಲ ಎಂಬ ಅನುಮಾನ ಆ ರಾಜನಿಗೆ. ಅನ್ಯಾಯಕ್ಕೆ ಒಳಗಾದವರು ಮಾತ್ರ ಕೆಂಪು ಬಟ್ಟೆ ತೊಡಬೇಕು, ಬೇರೆ ಯಾರೂ ತೊಡಕೂಡದು ಎಂದು ಅಪ್ಪಣೆ ಮಾಡಿದ. ಆನೆಯೇರಿ ಬಯಲಿಗೆ ಬಂದು, ಕೆಂಪುಟ್ಟವರನ್ನು ಒಂದೆಡೆ ಸೇರಿಸಿ, ಒಬ್ಬೊಬ್ಬರನ್ನೇ ಹತ್ತಿರ ಕರೆದು ಗಟ್ಟಿಯಾಗಿ ಹೇಳಿಸಿಕೊಳ್ಳುತ್ತಿದ್ದ.

ಕಥೆ ಇರುವುದು ‘ಸಿಯಾಸತ್‌ನಾಮಾ’ದಲ್ಲಿ. ಅದು ಹನ್ನೊಂದನೆಯ ಶತಮಾನದಲ್ಲಿ ಇರಾನನ್ನು ಆಳಿದ ಸೆಲ್ಜುಕ್ ಸುಲ್ತಾನರಾದ ಅಲ್ಪ್ ಅರ್ಸ್ಲಾನ್ ಮತ್ತು ಮಲಿಕ್ ಶಾಹರ ಬಳಿ ಸುಮಾರು 30 ವರ್ಷ ವಜೀರನಾಗಿದ್ದ ನಿಜಾಮುಲ್ ಮುಲ್ಕ್ ಪಾರಸಿ (ಪರ್ಷಿಯನ್) ಭಾಷೆಯಲ್ಲಿ ಬರೆದ, ರಾಜ್ಯಭಾರದ ನೀತಿ ಹೇಳುವ 50 ಅಧ್ಯಾಯಗಳ ಗ್ರಂಥ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕಂದಾಯದ ಮಾತುಗಳು. ಫಸಲು ಕೈಸೇರುವ ಮೊದಲು ರೈತನನ್ನು ಪೀಡಿಸಬಾರದು. ಎತ್ತು, ಬಿತ್ತನೆ ಬೀಜವಿಲ್ಲದೆ ಸೋತವನಿಗೆ ಸಾಲ ಕೊಟ್ಟು ಅವನು ಊರು ಬಿಡದಂತೆ ನೋಡಿಕೊಳ್ಳಬೇಕು. ಇಕ್ತಾ, ಅಂದರೆ ಒಂದು ಪ್ರದೇಶದ ಕಂದಾಯ ಎತ್ತುವ ಹಕ್ಕು, ಪಡೆದ ಸರದಾರನಿಗೆ ನಿಗದಿಯಾದ ಕಂದಾಯದ ಹೊರತು ರೈತನ ಮೈಮೇಲಾಗಲಿ, ಹೆಂಡತಿ ಮಕ್ಕಳ ಮೇಲಾಗಲಿ ಹಕ್ಕಿಲ್ಲ. ದರ್ಬಾರಿಗೆ ದೂರು ಒಯ್ಯುವವನನ್ನು ಅವನು ತಡೆಯುವಂತಿಲ್ಲ. ಅಧಿಕಾರಿಗಳು ಬೇರುಬಿಡದಂತೆ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು.

“ಇದನ್ನೆಲ್ಲ ಪಾಲಿಸಿದರೇ ಸರ್?” ಎಂದು ಕೇಳಿದೆ.

“ತಡೆಯಬಾರದು ಎಂದು ಬರೆದಿದ್ದಾನಲ್ಲ, ಯಾರೋ ತಡೆಯುತ್ತಿದ್ದರು ಅಂತ ಅರ್ಥ. ಉಪದೇಶವನ್ನು ತಿರುವಿಹಾಕಿ ಓದಬೇಕಪ್ಪ, ಅದರ ಬೆನ್ನಿಗೆ ಪೆಟ್ಟು ತಿಂದವರು ಇರುತ್ತಾರೆ” ಎಂದರು.

ವಜೀರನನ್ನು ಅವರು ಹೊಗಳಿ ಬಿಡಲಿಲ್ಲ. ಮಕ್ಕಳಿಗೇ ದೊಡ್ಡ ಹುದ್ದೆಗಳನ್ನು ಕೊಡಿಸಿದ್ದನ್ನು, ಶಿಯಾ ಮುಸ್ಲಿಮರ ಒಂದು ಪಂಗಡವಾದ ಇಸ್ಮಾಯಿಲಿಗಳ ವಿರುದ್ಧ ಕಾರಿದ ವಿಷವನ್ನು, 1092ರಲ್ಲಿ ಇರಾನಿನ ನಹಾವಂದ್ ಸಮೀಪ ಇರಿತಕ್ಕೆ ಬಲಿಯಾದದ್ದನ್ನು ಹಾಗೆಯೇ ಹೇಳಿದರು. ಅವನ ಬರಹದ ಬೆಲೆ ಇದರಿಂದ ತಗ್ಗಿತೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ನಾನು ಈಗ ಕಂದಾಯ ಇಲಾಖೆಯಲ್ಲಿದ್ದೇನೆ. ಅರ್ಜಿ, ಫಿರ್ಯಾದಿ, ದಫ್ತರು, ವಸೂಲಿ, ದಿನವಿಡೀ ಬಾಯಲ್ಲಿ ಆಡುವ ಈ ಮಾತುಗಳೆಲ್ಲ ಆ ವಜೀರನ ಪಾರಸಿಯ ಮೂಲಕವೇ ನಮ್ಮ ಕಚೇರಿಗೆ ಬಂದವು. ‘ಅರ್ಜಿದಾರರನ್ನು ಅಲೆದಾಡಿಸಬಾರದು’ ಎಂಬ ಸುತ್ತೋಲೆ ಬಂದಾಗಲೆಲ್ಲ ಮೇಷ್ಟರು ಹೇಳಿಕೊಟ್ಟಂತೆ ತಿರುವಿಹಾಕಿ ಓದುತ್ತೇನೆ. ಹೊಸ ಊರಿಗೆ ವರ್ಗವಾಗಿ ಹೋದ ಮೊದಲ ದಿನ ಮೇಜನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಳ್ಳುತ್ತೇನೆ. ಹೊರಗಿನ ಬೆಂಚಿನ ಮೇಲೆ ಕುಳಿತವರು ಅಲ್ಲಿಂದ ಕಾಣಬೇಕು.